ಕತ್ತರಿಯ ಆಚೆ ಉಳಿದ ಹೆಸರು

ಎರಡು ಬಿಳಿ ಮಾತ್ರೆಗಳು, ಎರಡರ ನಡುವೆಯೂ ಒಂದೊಂದು ಗೀರು. ಪಟ್ಟಿಯನ್ನು ಮೂರು ಕಡೆಯಿಂದ ಕತ್ತರಿಸಿದ್ದರು; ಒಂದು ಮೂಲೆ ಚೂಪಾಗಿ ಬೆರಳಿಗೆ ಚುಚ್ಚುತ್ತಿತ್ತು. ಹಿಂಬದಿಯ ಬೆಳ್ಳಿಹಾಳೆಯ ಮೇಲೆ ಕೆಂಪು ಇಂಗ್ಲಿಷ್ ಅಕ್ಷರಗಳಲ್ಲಿ ಒಂದೇ ಒಂದು ಅರ್ಧ ಸಾಲು ಉಳಿದಿತ್ತು: ಇದನ್ನು ಕೈಗೆ ಸಿಗದಂತೆ ದೂರವಿಡಿ. ಯಾರ ಕೈಗೆ ಎನ್ನುವುದು ಕತ್ತರಿಯ ಆಚೆ ಹೋಗಿತ್ತು. ಮಾತ್ರೆಯ ಹೆಸರು, ತಯಾರಿಸಿದವರ ಹೆಸರು, ಯಾವ ತಿಂಗಳಿನವರೆಗೆ ನುಂಗಬಹುದು ಎನ್ನುವುದು, ಎಲ್ಲವೂ ಅದರ ಜೊತೆಯಲ್ಲೇ ಹೋಗಿದ್ದವು. ಕ್ವಾಲಾಲಂಪುರದ ಒಂದು ಔಷಧಿ ಅಂಗಡಿಯಲ್ಲಿ, ತಲೆಗೆ ತಿಳಿನೀಲಿ ವಸ್ತ್ರ ಸುತ್ತಿಕೊಂಡಿದ್ದ ಫಾರ್ಮಸಿಸ್ಟ್ ಹುಡುಗಿ ಈ ತುಂಡನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಮತ್ತೆ ತಿರುಗಿಸಿ, “ಇದು ಏನು?” ಎಂದು ಇಂಗ್ಲಿಷಿನಲ್ಲಿ ಕೇಳಿದಳು. ನಾನು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು, ಅದನ್ನೇ ಕಾಲೇಜಿನಲ್ಲಿ ಪಾಠ ಮಾಡುವವಳು. “ಮಾತ್ರೆ,” ಎಂದೆ.

ನನ್ನ ಸ್ವಭಾವದ ಬಗ್ಗೆ ಎರಡು ಮಾತು ಮೊದಲೇ ಹೇಳಿಬಿಡುವುದು ಒಳ್ಳೆಯದು. ನನಗೆ ಎಲ್ಲವೂ ಖಚಿತವಾಗಿರಬೇಕು. ಉಪ್ಪಿಟ್ಟಿಗೆ ನೀರನ್ನೂ ಅಳೆದೇ ಹಾಕುತ್ತೇನೆ. ಇನ್ನೊಂದು, ನನ್ನ ವಿಷಯ ನನ್ನಲ್ಲೇ ಇರಬೇಕು. ನೆಗಡಿಯಾದರೂ ಯಾರಿಗೂ ಹೇಳುವವಳಲ್ಲ. ಆದ್ದರಿಂದ ಆ ಪ್ರವಾಸದಲ್ಲಿ ನನಗೆ ಬಂದ ಕಾಯಿಲೆ ಯಾವುದೆಂದು ನಿಮಗೂ ಹೇಳುವುದಿಲ್ಲ. ತಪ್ಪು ತಿಳಿಯಬೇಡಿ. ಜ್ವರವಿತ್ತು, ನಡ ನೋಯುತ್ತಿತ್ತು, ಪ್ರವಾಸಿ ಬಸ್ಸಿನಲ್ಲಿ ಅರ್ಧ ಗಂಟೆಗಿಂತ ಹೆಚ್ಚು ಕೂರಲು ಸಾಧ್ಯವಿರಲಿಲ್ಲ ಎಂಬಷ್ಟು ಸಾಕು.

ಇಂಥ ಸ್ವಭಾವದವಳಿಗೆ ಹಲಸೂರಿನ ಮೆಡಿಕಲ್ ಶಾಪು ಒಂದು ವಿಚಿತ್ರ ಅನುಕೂಲ. ನಮ್ಮ ಬೀದಿಯ ಕೊನೆಯಲ್ಲಿರುವ ಅಂಗಡಿ ದೊರೈ ಅಂಕಲ್‌ದು. ಅವರ ಗಲ್ಲಾದ ಪಕ್ಕದಲ್ಲಿ ಒಂದು ಮೊಳೆ, ಮೊಳೆಗೆ ದಾರ, ದಾರಕ್ಕೆ ಕತ್ತರಿ. ಯಾರೂ ಅಲ್ಲಿ ಮಾತ್ರೆಯ ಹೆಸರು ಹೇಳುವುದಿಲ್ಲ. “ಅಂಕಲ್, ಅಮ್ಮಂಗೆ ಮಂಡಿ ನೋವು” ಎಂದರೆ ಸಾಕು, ಅವರು ಹಿಂದೆ ತಿರುಗಿ ನೋಡದೆಯೇ ಕೈ ಚಾಚಿ ಒಂದು ಪಟ್ಟಿ ಎಳೆದು, ಕರಕ್ ಕರಕ್ ಎಂದು ನಾಲ್ಕು ಮಾತ್ರೆ ಕತ್ತರಿಸಿ, ಸಣ್ಣ ಕಾಗದದ ಕವರಿಗೆ ಹಾಕಿ, ಕವರಿನ ಮೇಲೆ ಬೆಳಿಗ್ಗೆಗೊಂದು ಗೆರೆ, ರಾತ್ರಿಗೊಂದು ಗೆರೆ ಎಳೆದು ಕೊಡುತ್ತಾರೆ. ಇಡೀ ಪಟ್ಟಿ ಕೊಳ್ಳುವುದು ನಮ್ಮ ಕಡೆ ಅಪಶಕುನ. ಹತ್ತು ಮಾತ್ರೆ ಕೊಂಡರೆ ಹತ್ತು ದಿನ ಕಾಯಿಲೆ ಬೀಳಲು ಒಪ್ಪಿಕೊಂಡ ಹಾಗೆ. ಒಮ್ಮೆ ನಾನು ತೀರಾ ಖಾಸಗಿಯಾದ ಒಂದು ಔಷಧಿಗಾಗಿ ಬಿಸಿಲಲ್ಲಿ ಇಂದಿರಾನಗರದವರೆಗೆ ನಡೆದು, ಗುರುತಿಲ್ಲದ ಒಂದು ಅಂಗಡಿಯಲ್ಲಿ ಕೊಂಡು ಬಂದೆ. ಮನೆ ತಲುಪುವಷ್ಟರಲ್ಲಿ ಅಮ್ಮ ಬಾಗಿಲಲ್ಲಿ ನಿಂತು, “ಹೊಟ್ಟೆ ನೋವಂತೆ, ಹೇಳ್ಬಾರ್ದಾ?” ಎಂದರು. ಇಂದಿರಾನಗರದ ಆ ಅಂಗಡಿಯವರು ದೊರೈ ಅಂಕಲ್ ಅವರ ಭಾಮೈದ.

ನನಗೆ ಒಂಬತ್ತು ವರ್ಷವಾಗಿದ್ದಾಗ ಇದೇ ದೊರೈ ಅಂಕಲ್ ಕೊಟ್ಟ ಒಂದು ಮಾತ್ರೆ ನುಂಗಿ ಮುಖ ಹಲಸಿನಹಣ್ಣಿನಂತೆ ಊದಿಕೊಂಡಿತ್ತು. ಕಣ್ಣು ಮುಚ್ಚಿಹೋಗಿ, ಉಸಿರು ಸಿಕ್ಕಿಕೊಂಡು, ಆಟೋದಲ್ಲಿ ಆಸ್ಪತ್ರೆಗೆ ಸಾಗಿಸಿದ್ದರಂತೆ. ವಾಪಸು ಬಂದಮೇಲೆ ಅಂಕಲ್ ಅಮ್ಮನಿಗೆ, “ಈ ಮಗೂಗೆ ಜನ್ಮದಲ್ಲಿ ಇನ್ನು ಆ ಮಾತ್ರೆ ಬೇಡ, ಅಕ್ಕಾ” ಎಂದಿದ್ದರು. ಯಾವ ಮಾತ್ರೆ ಎಂದು ಅಮ್ಮ ಬರೆದುಕೊಳ್ಳಲಿಲ್ಲ. ಅದರ ಅಗತ್ಯವೇ ಕಾಣಲಿಲ್ಲ. “ದೊರೈಗೆ ಗೊತ್ತು” ಎನ್ನುವುದೇ ನಮ್ಮ ಮನೆಯ ಇಡೀ ವೈದ್ಯಕೀಯ ದಾಖಲೆ. ನಾನು ಬೆಳೆದೆ, ಓದಿದೆ, ನೂರಾರು ಸಂಯುಕ್ತಗಳ ರಚನೆಯನ್ನು ಕರಿಹಲಗೆಯ ಮೇಲೆ ಬರೆದು ಮಕ್ಕಳಿಗೆ ಕಲಿಸಿದೆ. ನನ್ನನ್ನು ಕೊಲ್ಲಬಹುದಾದ ಒಂದು ಸಂಯುಕ್ತದ ಹೆಸರನ್ನು ಮಾತ್ರ ಹದಿನೇಳು ವರ್ಷ ಯಾರನ್ನೂ ಕೇಳಿರಲಿಲ್ಲ.

ವಿದೇಶ ಪ್ರವಾಸ ನನ್ನ ಯೋಚನೆಯಲ್ಲ, ದೊಡ್ಡನೆಕ್ಕುಂದಿಯ ಚಿಕ್ಕಮ್ಮನದು. ರಾಗಿ ಬೆಳೆಯುತ್ತಿದ್ದ ಹೊಲದ ಒಂದು ಭಾಗದಲ್ಲಿ ಈಗ ಕಟ್ಟಡ ಎದ್ದಿದೆ, ಬಾಡಿಗೆ ಬರುತ್ತದೆ. ಚಿಕ್ಕಪ್ಪ ವಿಮಾನ ಹತ್ತುವುದಿಲ್ಲ ಎಂದು ಹಟ ಹಿಡಿದಾಗ, ಇಂಗ್ಲಿಷ್ ಬರುವವಳು ಎಂಬ ಒಂದೇ ಅರ್ಹತೆಯ ಮೇಲೆ ಅವರ ಟಿಕೆಟ್ಟು ನನ್ನ ಪಾಲಿಗೆ ಬಂತು. ಏಳು ದಿನದ ಪ್ರವಾಸದಲ್ಲಿ ಚಿಕ್ಕಮ್ಮನಿಗೆ ಬೇಕಾಗಿದ್ದದ್ದು ಒಂದೇ: ಬೆಟ್ಟಕ್ಕೆ ಹಗ್ಗದ ಮೇಲೆ ಹೋಗುವ ಗಾಜಿನ ಡಬ್ಬಿ. ಅದನ್ನು ಹತ್ತಿ ಬರುತ್ತೇನೆಂದು ಊರಿಗೆಲ್ಲ ಹೇಳಿ ಹೊರಟಿದ್ದರು. ಅದು ನಾಲ್ಕನೆಯ ದಿನದ ಕಾರ್ಯಕ್ರಮ. ನಾನು ಕಾಯಿಲೆ ಬಿದ್ದದ್ದು ಮೂರನೆಯ ದಿನ ಬೆಳಿಗ್ಗೆ.

“ನಿಂಗೆ ಹುಷಾರಿಲ್ಲ,” ಎಂದರು ಚಿಕ್ಕಮ್ಮ, ಬಸ್ಸಿನ ನಡುವೆ, ಎಲ್ಲರಿಗೂ ಕೇಳುವಂತೆ.

“ಹಾಗೇನಿಲ್ಲ ಚಿಕ್ಕಮ್ಮ.”

“ಮುಖ ನೋಡಿದ್ರೆ ಗೊತ್ತಾಗಲ್ವೇನೆ? ಏನಾಗೈತೆ ಯೋಳು. ಭೇದಿನಾ?”

ಮುಂದಿನ ಮೂರು ಸಾಲಿನ ತಲೆಗಳು ಹಿಂದೆ ತಿರುಗಿದವು. ಅಲ್ಲವೆಂದೆ. ಹಾಗಾದರೆ ಏನೆಂದು ಅವರು ಒಂದೊಂದೇ ಕಾಯಿಲೆಯ ಹೆಸರು ಹೇಳುತ್ತಾ ಹೋದರು. ಆರನೆಯದು ಸರಿಯಾಗಿತ್ತು, ಅದಕ್ಕೂ ಅಲ್ಲವೆಂದೆ. ಬಸ್ಸು ಹೋಟೆಲಿನಿಂದ ಹೊರಡುವ ಮೊದಲೇ ನಾವಿಬ್ಬರೂ ಇಳಿದೆವು.

ಕೋಣೆಯಲ್ಲಿ ಚಿಕ್ಕಮ್ಮ ತಮ್ಮ ಔಷಧಿ ಚೀಲ ಬಿಚ್ಚಿದರು. ಒಡವೆ ಅಂಗಡಿಯವರು ಕೊಡುವ ಕೆಂಪು ಮಖಮಲ್ಲಿನ ಚೀಲ. ಅದರ ತುಂಬ ಕತ್ತರಿಸಿದ ಪಟ್ಟಿಗಳು. “ಗುಲಾಬೀದು ಮೈಕೈ ನೋವಿಗೆ, ಹಳ್ದೀದು ಗ್ಯಾಸಿಗೆ, ಉದ್ದಂದು ನಿಮ್ಮ ಚಿಕ್ಕಪ್ಪಂಗೆ ಕೋಪ ಬಂದಾಗ. ಇದು ನೋಡು, ಈ ಬಿಳೀದು, ಇದಕ್ಕೆ ಶಕ್ತಿ ಐತೆ. ಎಂಥಾ ಜ್ವರ ಇದ್ರೂ ಎಳ್ದು ಹಾಕ್ತೈತೆ. ನುಂಗು.” ಅದೇ ಆ ಎರಡು ಮಾತ್ರೆಗಳು. ಒಂಬತ್ತನೆಯ ವಯಸ್ಸಿನಲ್ಲಿ ನುಂಗಿದ ಮಾತ್ರೆಯ ಬಗ್ಗೆ ನನಗಿದ್ದ ನೆನಪು ಇಷ್ಟೇ: ಬಿಳಿ, ದೊಡ್ಡದು, ನಡುವೆ ಗೀರು. ಪ್ರಪಂಚದ ಅರ್ಧ ಮಾತ್ರೆಗಳು ಬಿಳಿಯಾಗಿ, ದೊಡ್ಡದಾಗಿ, ನಡುವೆ ಗೀರಿನೊಂದಿಗೆ ಇರುತ್ತವೆ. ಬಾಯಿ ಒಣಗಿತ್ತು, ನಡ ಸೀಳುತ್ತಿತ್ತು, ನೀರಿನ ಲೋಟ ಎದುರಿಗೇ ಇತ್ತು. ನಿಜ ಹೇಳುತ್ತೇನೆ, ನುಂಗಿಬಿಡೋಣ ಎಂದು ಒಂದು ಕ್ಷಣ ಅನ್ನಿಸಿತು. ಯಾರಿಗೂ ಏನೂ ಹೇಳದೆ ಮುಗಿದುಹೋಗುತ್ತದಲ್ಲ ಎಂಬ ಆಸೆ. ನುಂಗಲಿಲ್ಲ.

ಹೋಟೆಲಿನ ವ್ಯವಸ್ಥಾಪಕರು ಅಲ್ಲಿಗೇ ವೈದ್ಯರನ್ನು ಕರೆಸಬಹುದೆಂದರು. ಅದಕ್ಕಾಗುವ ಶುಲ್ಕ ಕೇಳಿ ಚಿಕ್ಕಮ್ಮ, “ಅಷ್ಟು ತಗಂಡು ಆ ಡಾಕ್ಟ್ರು ವಾರ ಇಲ್ಲೇ ಇದ್ದು ಅಡುಗೆನೂ ಮಾಡ್ತಾರಾ ಕೇಳು” ಎಂದರು. ನಾನು ಭಾಷಾಂತರಿಸಲಿಲ್ಲ. ಪ್ರವಾಸದ ವಿಮೆ ಇರಬೇಕಲ್ಲ ಎಂದು ಅವರು ನೆನಪಿಸಿದರು. ಇತ್ತು. ಕಳೆದುಹೋಗಬಾರದೆಂದು ಅದರ ಕಾಗದವನ್ನು ಹಲಸೂರಿನ ಮನೆಯ ಬೀರುವಿನಲ್ಲಿ, ಸೀರೆಗಳ ಕೆಳಗೆ ಭದ್ರವಾಗಿಟ್ಟು ಬಂದಿದ್ದೆ.

ಹೀಗೆ ನಾವು ರಸ್ತೆಯಾಚೆಯ ಔಷಧಿ ಅಂಗಡಿಗೆ ಬಂದದ್ದು. ಆ ಫಾರ್ಮಸಿಸ್ಟ್ ಹುಡುಗಿ ಮೊದಲು ನನ್ನ ಕೈಗೆ ಒಂದು ಹಾಳೆ ಕೊಟ್ಟಳು. ತೊಂದರೆಗಳ ಹೆಸರು, ಎದುರಿಗೆ ಸಣ್ಣ ಸಣ್ಣ ಚೌಕ. ಇದ್ದದ್ದಕ್ಕೆ ಗುರುತು ಹಾಕಿದರಾಯಿತು, ಬಾಯಿ ಬಿಡಬೇಕಿಲ್ಲ. ಯಾವುದಾದರೂ ದೇಶದ ನಾಗರಿಕತೆಯನ್ನು ನಾನು ಮನಸಾರೆ ಮೆಚ್ಚಿದ್ದರೆ ಅದು ಆ ಗಳಿಗೆಯಲ್ಲಿ. ಚಿಕ್ಕಮ್ಮನಿಗೆ ಕಾಣದಂತೆ ಕೈ ಅಡ್ಡವಿಟ್ಟು ಗುರುತು ಹಾಕುತ್ತಾ ಹೋದೆ. ಕೊನೆಯ ಪ್ರಶ್ನೆ, ನಿಮಗೆ ಆಗದ ಔಷಧಿ ಇದೆಯೇ? ಇದೆ. ಹೆಸರು? ಅಲ್ಲಿಗೆ ಪೆನ್ನು ನಿಂತಿತು.

ವಿಷಯವನ್ನೆಲ್ಲ ಹೇಳಿದೆ. ಆಕೆ ನಗಲಿಲ್ಲ. “ಈ ತೊಂದರೆಗೆ ವೈದ್ಯರ ಚೀಟಿ ಇಲ್ಲದೆ ನಾನು ಔಷಧಿ ಕೊಡುವ ಹಾಗಿಲ್ಲ,” ಎಂದಳು. “ಹೋಟೆಲಿಗೆ ಕರೆಸಬೇಡಿ. ಹಿಂದಿನ ಗಲ್ಲಿಯಲ್ಲಿ ಒಂದು ಕ್ಲಿನಿಕ್ ಇದೆ, ಈ ಊರಿನವರು ಹೋಗುವಂಥದು. ಖರ್ಚು ಕಡಿಮೆ, ಔಷಧಿಯನ್ನೂ ಅಲ್ಲೇ ಕೊಡುತ್ತಾರೆ. ಆದರೆ ಅವರೂ ಇದೇ ಪ್ರಶ್ನೆ ಕೇಳುತ್ತಾರೆ. ಮೊದಲು ಆ ಹೆಸರನ್ನು ಹುಡುಕಿ. ನಿಮಗೆ ಬಂದಿರುವ ಕಾಯಿಲೆಗೆ ಕೊಡುವ ಔಷಧಿಗಳಲ್ಲೇ ಅದೂ ಒಂದಿರಬಹುದು.” ಇಷ್ಟು ಹೇಳಿ ಮಾತ್ರೆಯ ತುಂಡನ್ನು ನನ್ನ ಕಡೆ ಸರಿಸಿ, “ಇದನ್ನು ಯಾರು ಕತ್ತರಿಸಿದರು?” ಎಂದು ಕೇಳಿದಳು. ಅವಳ ದನಿಯಲ್ಲಿದ್ದದ್ದು ಸಿಟ್ಟಲ್ಲ, ಕುತೂಹಲ. ನಮ್ಮ ದೇಶದಲ್ಲಿ ಎಲ್ಲರೂ ಎಂದು ಹೇಗೆ ಹೇಳುವುದು?

ಆಗ ನನ್ನ ಹತ್ತಿರ ಮೊಬೈಲು ಇತ್ತು. ಹೊಸೂರು ದಾಟಿದರೆ ಮೌನವ್ರತ ಹಿಡಿಯುವಂಥದು. ಅಂಗಡಿಯ ಬಾಗಿಲಲ್ಲೇ ಇದ್ದ ಸಾರ್ವಜನಿಕ ಫೋನಿಗೆ ಕಾರ್ಡು ಹಾಕಿ ಮನೆಗೆ ಮಾಡಿದೆ. ಏನೂ ಆಗಿಲ್ಲ, ಸುಮ್ಮನೆ ತಿಳಿದುಕೊಳ್ಳೋಣ ಅಂತ, ನನಗೆ ಆಗದ ಮಾತ್ರೆಯ ಹೆಸರು ಕೇಳಿ ಬನ್ನಿ ಎಂದು ಅಮ್ಮನಿಗೆ ಹೇಳಿದೆ. “ಅಷ್ಟು ದೂರ ಹೋಗಿ ಸುಮ್ನೆ ತಿಳ್ಕೊಬೇಕಾ?” ಎಂದರು ಅಮ್ಮ. ಅವರು ಅಳುವುದಕ್ಕೆ ಮುಂಚೆ ಫೋನಿಟ್ಟೆ. ಅರ್ಧ ಗಂಟೆ ಬಿಟ್ಟು ಮತ್ತೆ ಮಾಡಿದಾಗ ಮೊದಲ ರಿಂಗಿಗೇ ಎತ್ತಿದವರು ದೊರೈ ಅಂಕಲ್. ಅಮ್ಮ ಹೆಸರು ಕೇಳಿ ಬರುವ ಬದಲು ಅವರನ್ನೇ ಕರೆತಂದಿದ್ದರು. ಹಿಂದೆ ಪಕ್ಕದ ಮನೆಯವರ ದನಿಯೂ, ಮೇಲಿನ ಮನೆಯವರ ದನಿಯೂ ಕೇಳಿಸುತ್ತಿತ್ತು.

“ಏನಮ್ಮಾ ಪುಟ್ಟಿ, ಏನ್ ತೊಂದ್ರೆ? ಅಂಕಲ್ ಹತ್ರ ಹೇಳು.”

ಹೇಳಲೇಬೇಕಿತ್ತು. ಆದರೆ ಪಕ್ಕದಲ್ಲಿ ಚಿಕ್ಕಮ್ಮ ಕಿವಿಯಾಗಿ ನಿಂತಿದ್ದರು. ಆಗ ನನಗೊಂದು ಉಪಾಯ ಹೊಳೆಯಿತು. ಈಗಲೂ ಅದನ್ನು ನೆನೆದರೆ ಕಿವಿ ಬಿಸಿಯಾಗುತ್ತದೆ. ಹಲಸೂರಿನಲ್ಲಿ ಬೆಳೆದವರಿಗೆಲ್ಲ ಬೀದಿಯ ತಮಿಳು ತಾನಾಗಿ ಬಂದಿರುತ್ತದೆ. ಗುಟ್ಟಾಗಿರಲಿ ಎಂದು ನಾನು ತಮಿಳಿಗೆ ಹೊರಳಿ, ಎಂದಿನಿಂದ, ಎಲ್ಲಿ, ಹೇಗೆ, ಗಂಟೆಗೆ ಎಷ್ಟು ಸಲ ಎಂಬುದನ್ನೆಲ್ಲ ನನ್ನ ಸ್ವಭಾವಕ್ಕೆ ತಕ್ಕಂತೆ ಖಚಿತವಾಗಿ, ದೂರದ ಕರೆಯಾದ್ದರಿಂದ ಸ್ವಲ್ಪ ಗಟ್ಟಿಯಾಗಿಯೇ ವಿವರಿಸಿದೆ. ಮುಗಿಸಿ ತಿರುಗಿದರೆ, ಫೋನಿಗೆ ಕಾಯುತ್ತಿದ್ದ ನಾಲ್ವರಲ್ಲಿ ಮೂವರು ನೆಲ ನೋಡುತ್ತಿದ್ದರು. ನಾಲ್ಕನೆಯವರು, ಹಣೆಗೆ ವಿಭೂತಿ ಇಟ್ಟ ಒಬ್ಬ ಅಜ್ಜಿ, ನನ್ನ ತೋಳು ಮುಟ್ಟಿ ಮರುಕದಿಂದ ತಮಿಳಿನಲ್ಲೇ ಹೇಳಿದರು: “ಬಾರ್ಲಿ ತಣ್ಣಿ ಕುಡಿಮ್ಮಾ.” ತಮಿಳು ಮಾತಾಡುವ ಲಕ್ಷಾಂತರ ಜನ ತಲೆಮಾರುಗಳಿಂದ ಬಾಳುತ್ತಿರುವ ದೇಶದಲ್ಲಿ ನಾನು ಗುಟ್ಟಿನ ಭಾಷೆಯೆಂದು ತಮಿಳನ್ನು ಆರಿಸಿಕೊಂಡಿದ್ದೆ.

ದೊರೈ ಅಂಕಲ್‌ಗೆ ಇದೊಂದೂ ಗೊತ್ತಿಲ್ಲ. “ಬರ್ಕೋಮ್ಮಾ, ತಪ್ಪಾಗ್ಬಾರ್ದು. ಎಸ್, ಶಿವಾಜಿನಗರ್. ಯು, ನಮ್ಮ ಅಲ್ಸೂರ್. ಎಲ್, ಲಿಂಗರಾಜಪುರಂ. ಎಫ್, ಫ್ರೇಜರ್ ಟೌನ್. ಎ, ಆಸ್ಟಿನ್ ಟೌನ್.” ಇಡೀ ದಂಡು ಪ್ರದೇಶವನ್ನೇ ಒಂದು ಸುತ್ತು ಹಾಕಿಸಿ ಅವರು ನನ್ನನ್ನು ತಂದು ನಿಲ್ಲಿಸಿದ್ದು ಸಲ್ಫಾ ಎಂಬ ಔಷಧಿಯ ಎದುರಿಗೆ. ಅದರ ರಚನೆಯನ್ನು ನಾನು ಪ್ರತಿ ವರ್ಷ ಕರಿಹಲಗೆಯ ಮೇಲೆ ಬರೆಯುತ್ತೇನೆ. ಪರೀಕ್ಷೆಯಲ್ಲಿ ಅದಕ್ಕೆ ಐದು ಅಂಕ. ಹದಿನೇಳು ವರ್ಷದ ಗುರುತಿನವರನ್ನು ನೋಡಿಯೂ ನೋಡದವಳಂತೆ ಓಡಾಡುತ್ತಿದ್ದೆ.

“ಇಷ್ಟು ವರ್ಷ ಹೇಗೆ ನೆನಪಿಟ್ಕೊಂಡಿದ್ರಿ ಅಂಕಲ್?” ಎಂದೆ.

“ಮರೆಯೋಕಾಗುತ್ತಾ? ಕೊಟ್ಟಿದ್ದು ನಾನಲ್ವಾ. ಆವತ್ತು ನಿನ್ನ ಮುಖ ನೋಡಿ ಮೂರು ದಿನ ಅಂಗಡಿ ತೆಗೀಲಿಲ್ಲ.” ನಾನು ಚಿಕ್ಕಮ್ಮನ ಬಿಳಿ ಮಾತ್ರೆಯ ಬಗ್ಗೆಯೂ ಕೇಳಿದೆ. ಅವರ ದನಿ ಏರಿತು. “ಹೆಸರಿಲ್ದೇ ಇರೋದನ್ನ ನುಂಗ್ಬೇಡ. ನಾನೇ ಕತ್ತರಿಸಿ ಕೊಟ್ಟಿದ್ರೂ ನುಂಗ್ಬೇಡ. ಗೊತ್ತಾಯ್ತಾ?”

ಹಿಂದಿನ ಗಲ್ಲಿಯ ಕ್ಲಿನಿಕ್ಕು ಒಂದು ಬೇಕರಿಯ ಮೇಲಿತ್ತು. ಬಿಳಿ ಕೂದಲಿನ ವೈದ್ಯರು ನಾನು ಬರೆದು ತಂದ ಚೀಟಿ ಓದಿ, ಕನ್ನಡಕ ತೆಗೆದು, “ಒಳ್ಳೆಯದಾಯಿತು ಹೇಳಿದ್ದು. ಇಲ್ಲದಿದ್ದರೆ ನಾನು ಮೊದಲು ಬರೆಯುತ್ತಿದ್ದದ್ದು ಇದೇ ಗುಂಪಿನ ಮಾತ್ರೆ,” ಎಂದರು. ಚಿಕ್ಕಮ್ಮನಿಗೆ ಇದನ್ನು ಕನ್ನಡದಲ್ಲಿ ಹೇಳಿದೆ. ಚಿಕ್ಕಮ್ಮ ಮಖಮಲ್ಲಿನ ಚೀಲದ ದಾರವನ್ನು ಬಿಗಿದು ಎರಡು ಗಂಟು ಹಾಕಿದರು. ಔಷಧಿ ಬಂದದ್ದು ಮುದ್ರಿಸಿದ ಕವರಿನಲ್ಲಿ: ಮಾತ್ರೆಯ ಪೂರ್ತಿ ಹೆಸರು, ಯಾತಕ್ಕೆ, ಎಷ್ಟು ದಿನ, ಕೆಳಗೆ ನನ್ನ ಹೆಸರು. ಮಾತ್ರೆಗೂ ನನಗೂ ಹೀಗೆ ಯಾರೂ ಕ್ರಮವಾಗಿ ಪರಿಚಯ ಮಾಡಿಸಿರಲಿಲ್ಲ. ವೈದ್ಯರ ಶುಲ್ಕ, ಪರೀಕ್ಷೆ, ಔಷಧಿ ಎಲ್ಲ ಸೇರಿ ಹೋಟೆಲಿನವರು ಹೇಳಿದ್ದರ ಒಂದು ಮೂಲೆಗೂ ಸಾಲದಷ್ಟು. ವಾಪಸು ಹೋಗುವಾಗ ಫಾರ್ಮಸಿಸ್ಟ್ ಹುಡುಗಿಗೆ ಕವರು ತೋರಿಸಿದೆ. ಆಕೆ ಓದಿ, ತಲೆದೂಗಿ, ಒಂದು ಡಬ್ಬಿ ಬಾರ್ಲಿ ನೀರು ತಂದು ಮುಂದಿಟ್ಟಳು.

ಹೋಟೆಲಿನ ಕಡೆಗೆ ರಸ್ತೆ ದಾಟುವಾಗ ಚಿಕ್ಕಮ್ಮ ಮಾತು ತೆಗೆದರು. “ಬಸ್ಸಲ್ಲೇ ನಾನು ಕೇಳಿದ್ನಲ್ಲ, ಇದೇ ಅಲ್ವಾ ಅಂತ. ಅಲ್ಲ ಅಂದೆ.”

“ಹೇಗೆ ಗೊತ್ತಾಯ್ತು ನಿಮಗೆ?”

“ಟಿನ್ ಫ್ಯಾಕ್ಟರಿ ಹತ್ರದ ಲೈನ್‌ಮನೆಗಳಿಗೆ ಇಪ್ಪತ್ತು ವರ್ಷ ಹಾಲು ಹಾಕಿದೀನಿ ಕಣೇ, ಎಲ್ಲಾ ತಮಿಳ್ನೋರು. ನಿನ್ನ ತಮಿಳು ನಂಗಿಂತ ಕೆಟ್ಟದಾಗೈತೆ.”

ಮಾರನೆಯ ದಿನ ಜ್ವರ ಇಳಿದಿತ್ತು, ಬಸ್ಸಿನಲ್ಲಿ ಕೂರುವುದೂ ಸಾಧ್ಯವಾಯಿತು. ಚಿಕ್ಕಮ್ಮ ಗಾಜಿನ ಡಬ್ಬಿ ಹತ್ತಿದರು. ಬಾಗಿಲು ಮುಚ್ಚಿದ ಕ್ಷಣದಿಂದ ಬೆಟ್ಟದ ತುದಿಯವರೆಗೆ ಗಟ್ಟಿಯಾಗಿ ಕಣ್ಣು ಮುಚ್ಚಿ ನನ್ನ ಕೈ ಹಿಡಿದುಕೊಂಡಿದ್ದರು. ಏನು ಕಂಡಿತೆಂದು ದೊಡ್ಡನೆಕ್ಕುಂದಿಯವರಿಗೆ ಈಗಲೂ ಬಣ್ಣಿಸುತ್ತಾರೆ. ನಾನು ಅಡ್ಡ ಮಾತಾಡುವುದಿಲ್ಲ.

ಊರಿಗೆ ಬಂದ ಸಂಜೆ ಮೊದಲು ಹೋದದ್ದು ದೊರೈ ಅಂಕಲ್ ಅಂಗಡಿಗೆ. ಬಿಳಿ ಮಾತ್ರೆಯ ತುಂಡನ್ನು ಅವರ ಮುಂದಿಟ್ಟೆ. ಕನ್ನಡಕ ಏರಿಸಿ, ಇಳಿಸಿ, ಉಗುರಿನಿಂದ ಹಾಳೆ ಕೆರೆದು ನೋಡಿದರು. “ನಂಗೂ ಗೊತ್ತಾಗಲ್ಲಮ್ಮ,” ಎಂದರು. ಹಲಸೂರಿನಲ್ಲಿ ಆ ಮಾತನ್ನು ಅವರ ಬಾಯಿಂದ ಯಾರೂ ಕೇಳಿರಲಿಕ್ಕಿಲ್ಲ. ತುಂಡನ್ನು ಕಸದ ಡಬ್ಬಿಗೆ ಹಾಕಿ, ಅಷ್ಟರಲ್ಲಿ ತಲೆನೋವೆಂದು ಬಂದ ಒಬ್ಬರಿಗೆ ಎರಡು ಮಾತ್ರೆ ಕತ್ತರಿಸಿದರು. ಕೈ ಅಭ್ಯಾಸ ಬಿಡಲಿಲ್ಲ. ಆದರೆ ಕವರಿನ ಮೇಲೆ ಗೆರೆ ಎಳೆಯುವ ಮೊದಲು ಬಾಲ್‌ಪೆನ್ನಿನಿಂದ ದಪ್ಪ ಅಕ್ಷರಗಳಲ್ಲಿ ಮಾತ್ರೆಯ ಹೆಸರು ಬರೆದರು. ನನ್ನ ಕಡೆ ನೋಡಲಿಲ್ಲ. ನಾನೂ ನೋಡಿಲ್ಲವೆಂಬಂತೆ ನಿಂತಿದ್ದೆ.

ಆಮೇಲೆ, “ಆ ಹೆಸರು ಬರ್ಕೊಂಡ ಚೀಟಿ ಎಲ್ಲಿಟ್ಟಿದ್ದೀಯ?” ಎಂದು ಕೇಳಿದರು. ನಾನು ಹೆಮ್ಮೆಯಿಂದ ಕೈಚೀಲ ತೆರೆದು, ಒಳಗಿನ ಜಿಪ್ಪು ತೆಗೆದು, ಅದರೊಳಗಿನ ಪರ್ಸು ತೆಗೆದು, ಪರ್ಸಿನ ಹಿಂದಿನ ಖಾನೆಯಿಂದ ಎಂಟು ಮಡಿಕೆ ಮಾಡಿದ ಕಾಗದ ಹೊರತೆಗೆದೆ. ಅವರು ಬಿಡಿಸಿ ನೋಡಿದರು. ಸಲ್ಫಾ ಆಗದು ಎಂಬುದು, ಪೂರ್ಣ ರಾಸಾಯನಿಕ ಹೆಸರಿನೊಂದಿಗೆ, ಇರುವೆ ಗಾತ್ರದ ಅಕ್ಷರಗಳಲ್ಲಿತ್ತು. “ಎಚ್ಚರ ತಪ್ಪಿ ರಸ್ತೇಲಿ ಬಿದ್ದಿದ್ರೆ ಇದನ್ನ ಯಾರಮ್ಮಾ ಹುಡುಕ್ತಾರೆ, ಪೊಲೀಸ್ನೋರಾ?” ಎಂದರು.

ಮರುದಿನ ಬೆಳಿಗ್ಗೆ ಬೇಗ ಎದ್ದು, ಒಂದು ಗಟ್ಟಿ ಕಾಗದದ ಮೇಲೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ದೊಡ್ಡದಾಗಿ ಅದನ್ನು ಬರೆದು, ಕಾಲೇಜಿನ ಗುರುತಿನ ಚೀಟಿಯ ಪಕ್ಕದಲ್ಲಿ ಕೊರಳಿಗೆ ತೂಗಿಹಾಕಿಕೊಂಡು ಕೆ.ಆರ್. ಪುರಂ ಬಸ್ಸು ಹತ್ತಿದೆ. ಪಕ್ಕದಲ್ಲಿ ಕೂತ ಹೆಂಗಸು ಎರಡು ಸ್ಟಾಪು ಅದನ್ನೇ ಓದಿ, “ಏನಮ್ಮಾ ಅದು?” ಎಂದರು. ಗುರುತಿಲ್ಲದವರಿಗೆ ಗಂಟೆ ಎಷ್ಟೆಂದೂ ಹೇಳದ ನಾನು ಅವರಿಗೆ ಮೊದಲಿಂದ ಕೊನೆಯವರೆಗೆ ಎಲ್ಲವನ್ನೂ ಹೇಳಿದೆ, ಕಾಯಿಲೆಯ ಹೆಸರನ್ನೂ ಸೇರಿಸಿ. ಅವರು ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಇಳಿದು, ಹೊರಗಿನಿಂದ ಕಿಟಕಿಯ ಸರಳು ಹಿಡಿದು, “ಬಾರ್ಲಿ ನೀರು ಕುಡೀಮ್ಮಾ, ಮರೀಬೇಡ!” ಎಂದು ಕೂಗಿದರು. ಇಡೀ ಬಸ್ಸು ತಿರುಗಿ ನೋಡಿತು. ನಾನು ಕಾರ್ಡನ್ನು ಮಗುಚಿ ಇಟ್ಟುಕೊಂಡೆ. ಒಂದು ಸ್ಟಾಪು ಕಳೆದ ಮೇಲೆ ಮತ್ತೆ ಅಕ್ಷರ ಕಾಣುವಂತೆ ತಿರುಗಿಸಿದೆ.